ಮಂಗನ ಪಾಠಕ್ಕೆ ಹೂವು ಕೇಳಿದ್ದು

ಜೀವವಿಕಾಸದ ಪಾಠ ಬಂತೆಂದರೆ ಆ ವಾರ ನನ್ನ ತರಗತಿಯಲ್ಲಿ ಏನಾದರೊಂದು ಆಗಲೇಬೇಕಿತ್ತು. ಬೆಳಕಿನ ಪಾಠಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಆಮ್ಲ, ಪ್ರತ್ಯಾಮ್ಲಗಳನ್ನು ಎಂಥ ಮಡಿವಂತರ ಮನೆಯ ಮಕ್ಕಳೂ ತೆಪ್ಪಗೆ ಬರೆದುಕೊಳ್ಳುತ್ತಾರೆ. ಮನುಷ್ಯನ ಪೂರ್ವಜರ ಚಿತ್ರ ಬೋರ್ಡಿನ ಮೇಲೆ ಬಂದಕೂಡಲೇ ಬೆಂಚುಗಳು ಕಿರ್ರೆನ್ನಲು ಶುರು.

ನಾನಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ವಿಜ್ಞಾನ ಕಲಿಸುವುದು ಹರಿಹರದ ಒಂದು ಹೈಸ್ಕೂಲಿನಲ್ಲಿ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಕಣ್ಣು ತೆರೆದೇ ಕನಸು ಕಾಣುವ ಕಾಯಿಲೆ ನನಗೆ. ಗದ್ದೆಯ ಮೇಲಿನ ಮಂಜು ನೋಡನೋಡುತ್ತ ಸಮುದ್ರವಾಗುತ್ತದೆ. ಅದರೊಳಗಿಂದ ಮೀನೊಂದು ಎದ್ದು, ಬದುವಿನ ಮೇಲೆ ಎದೆಯೂರಿ, ಇತ್ತ ಬರಲೋ ಬೇಡವೋ ಎಂದು ಯೋಚಿಸುತ್ತದೆ. ಅದಕ್ಕೆ ಕಾಲು ಮೂಡುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿರುತ್ತದೆ. ಇಂಥವಳ ಕೈಗೆ ಈ ಪಾಠ ಕೊಟ್ಟದ್ದೇ ತಪ್ಪು ಎಂದು ನಮ್ಮ ಮನೆಯವರ ಅಂಬೋಣ.

ಈಗ ಹೇಳುವುದೆಲ್ಲ ಕೆಲವು ವರ್ಷಗಳ ಹಿಂದಿನ ಒಂದೇ ಬ್ಯಾಚಿನ ಕಥೆ. ಆಗ ಹತ್ತನೆಯ ತರಗತಿಯ ಪುಸ್ತಕದಲ್ಲಿ ಆ ಪಾಠವಿತ್ತು. ಆ ಬ್ಯಾಚಿನಲ್ಲಿ ಗುತ್ತೂರಿನ ಹುಡುಗಿಯೊಬ್ಬಳಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಟಿಫಿನ್ ಡಬ್ಬಿಯಲ್ಲಿ ಒಮ್ಮೊಮ್ಮೆ ರೊಟ್ಟಿಯ ಬದಲು ಗದ್ದೆಯಿಂದ ತಂದ ಕಪ್ಪೆಯ ಮೊಟ್ಟೆ. ಬೆಳಗ್ಗೆ ಪೂಜೆಯಾಗದೆ ಅವಳು ನೀರು ಮುಟ್ಟುತ್ತಿರಲಿಲ್ಲ, ಪಾಠ ಅರ್ಥವಾಗದೆ ನನ್ನನ್ನು ಬಿಡುತ್ತಿರಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದು ಅವಳ ಆಸೆ. ಆ ಆಸೆ ಅವಳಿಗಿಂತ ನನಗೇ ಒಂದು ಹಿಡಿ ಹೆಚ್ಚಾಗಿತ್ತು.

೧. ಗೋಡೆಯಿಂದ ಇಳಿದ ಮುತ್ತಾತ

ಪಾಠ ಶುರುವಾದ ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಟವೆಲಿನಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಹಿಡಿದು ತಂದ. ಅವರದು ಹರಿಹರದ ಹಳೇ ಕಿರಾಣಿ ಅಂಗಡಿ. ಟವೆಲು ಬಿಚ್ಚಿದರೆ ಅಂಗಡಿ ಶುರು ಮಾಡಿದ ಮುತ್ತಾತನ ಫೋಟೊ. ರುಮಾಲು, ಹುರಿ ಮೀಸೆ, ಹಣೆತುಂಬ ವಿಭೂತಿ, ಗಂಧದ ಹಾರ. ಅದನ್ನು ನನ್ನ ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ.

"ಇವ್ರು ನಮ್ಮ ಪೂರ್ವಜರು, ಮೇಡಂ. ಇವ್ರಲ್ಲಿ ಮಂಗ ಎಲ್ಲೈತೆ ತೋರಿಸ್ರಿ."

ಅಷ್ಟು ಹತ್ತಿರದ ಮಾತಲ್ಲಪ್ಪ, ಬಹಳ ಹಿಂದಕ್ಕೆ ಹೋಗಬೇಕು ಎಂದು ವಿವರಿಸಬೇಕೆಂದುಕೊಂಡೆ. ಆದರೆ ಫೋಟೊದ ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಅಂಗಡಿಯ ಮಬ್ಬು ದೀಪ, ಬೆಲ್ಲದ ವಾಸನೆ, ಆ ಯಜಮಾನರು ಹಸನಾಗಿ ತಕ್ಕಡಿ ಹಿಡಿದು ಕೂತದ್ದು ಎಲ್ಲ ಕಣ್ಣಮುಂದೆ ಬಂತು. ನನಗರಿವಿಲ್ಲದೆ ಕೈ ಮುಗಿದೆ. ಮೇಡಂ ಮುಗಿದರೆಂದು ಇಡೀ ತರಗತಿ ಎದ್ದು ಕೈ ಮುಗಿಯಿತು. ಗದ್ದಲದ ತರಗತಿ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಕಂಡು ಹೆಡ್‌ಮಾಸ್ತರು ಬಾಗಿಲಿಗೆ ಬಂದರು. ಫೋಟೊ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದರು, ತಲೆ ತಗ್ಗಿಸಿ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದರು: "ಯಾವಾಗ ಹೋದ್ರು, ಮೇಡಂ?"

೨. ಅರ್ಧ ಅದು, ಅರ್ಧ ಇದು

ಹಲ್ಲಿಯ ಕುಲಕ್ಕೂ ಹಕ್ಕಿಯ ಕುಲಕ್ಕೂ ನಡುವಿನ ಜೀವಿಯ ಚಿತ್ರ ಬರೆದ ದಿನ ಇನ್ನೊಂದು. ಹಲ್ಲೂ ಇದೆ, ರೆಕ್ಕೆಯೂ ಇದೆ. ಮುಂದಿನ ಬೆಂಚಿನ ದೈವಭಕ್ತನೊಬ್ಬ ಎದ್ದು, ಇದು ಸಾಧ್ಯವೇ ಇಲ್ಲವೆಂದ. ದೇವರು ಮಾಡಿದರೆ ಪೂರ್ತಿ ಮಾಡುತ್ತಾನೆ, ಅರ್ಧ ಅದು ಅರ್ಧ ಇದು ಮಾಡುವುದಿಲ್ಲ ಎಂಬುದು ಅವನ ವಾದ. ತರಗತಿ ಹೌದು ಹೌದು ಎಂದಿತು.

ನಾನು ಕಿಟಕಿಯಿಂದ ಊರ ಗುಡಿಯ ದಿಕ್ಕಿಗೆ ನೋಡಿದೆ. ಮಕ್ಕಳೂ ಒಬ್ಬೊಬ್ಬರಾಗಿ ಅತ್ತ ತಿರುಗಿದರು. ಊರಿನ ದೇವರೇ ಅರ್ಧ ಹರಿ, ಅರ್ಧ ಹರ, ಒಂದೇ ಮೈಯಲ್ಲಿ ಸಮಾಧಾನವಾಗಿ ನಿಂತಿದ್ದಾನೆ. ಹೊಳೆಯ ಕಡೆಯಿಂದ ತಂಪು ಗಾಳಿ ಬಂತು. ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯಿತು. ಎಲ್ಲರಿಗೂ ಎಲ್ಲವೂ ತಿಳಿದುಬಿಟ್ಟಿತು ಎಂದು ನನಗೆ ಒಳಗೊಳಗೇ ಹಿಗ್ಗು.

ಆ ಹುಡುಗ ಕೂತವನು ಮತ್ತೆ ಎದ್ದ. "ಮೇಡಂ, ಅದು ದೇವ್ರು. ಅದಕ್ಕೆ ಮೊಟ್ಟೆ ಇಡೋ ತಾಪತ್ರಯ ಇಲ್ಲ."

೩. ಪುಸ್ತಕದ ಪ್ರಕಾರ

ಕಿರುಪರೀಕ್ಷೆಯಲ್ಲಿ ಗುತ್ತೂರಿನ ಹುಡುಗಿಯ ಉತ್ತರ ಹೀಗಿತ್ತು. ಪುಸ್ತಕದ ಪ್ರಕಾರ ಜೀವಿಗಳು ಕಾಲಕಾಲಕ್ಕೆ ಬದಲಾಗಿವೆ. ಪುಸ್ತಕದ ಪ್ರಕಾರ ಮನುಷ್ಯನಿಗೂ ವಾನರನಿಗೂ ಒಬ್ಬರೇ ಪೂರ್ವಜರು. ಪ್ರತಿ ವಾಕ್ಯಕ್ಕೂ ಪುಸ್ತಕದ ಪ್ರಕಾರ. ಕೊನೆಗೆ ಗೆರೆ ಎಳೆದು, "ಇದರಲ್ಲಿ ನನ್ನದೇನೂ ಇಲ್ಲ" ಎಂದು ಬರೆದು ಸಹಿ ಹಾಕಿದ್ದಳು.

ಕರೆದು ಕೇಳಿದರೆ ಕಣ್ಣಲ್ಲಿ ನೀರು. ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಅಜ್ಜಿಯ ಕಿವಿಗೆ ಬಿದ್ದಿದೆ. ಶಿವ ಕೊಟ್ಟ ಮೈಗೆ ಮಂಗನ ನಂಟು ಹಚ್ಚುವ ವಿದ್ಯೆ ನಮ್ಮ ಮನೆಗೆ ಬೇಡ, ಮುಂದೆ ಕಾಮರ್ಸ್ ಓದು ಎಂದು ಅಜ್ಜಿ ತೀರ್ಮಾನ ಕೊಟ್ಟಿದ್ದಾರೆ. ಅವಳ ಅಪ್ಪ ಅಮ್ಮ ಅಜ್ಜಿಯ ಎದುರು ತುಟಿ ಬಿಚ್ಚುವವರಲ್ಲ. ನಿನಗೇನನ್ನಿಸುತ್ತದೆ ಎಂದೆ. ಅಜ್ಜಿ ಹೇಳುವಾಗ ಅದು ನಿಜ, ನೀವು ಹೇಳುವಾಗ ಇದು ನಿಜ, ಯಾವುದನ್ನು ನಂಬಲಿ ಎಂದಳು. ಯಾರದೋ ಮಾತು ನಂಬಬೇಡ, ಒಂದು ಸಲ ಆದದ್ದನ್ನೂ ನಂಬಬೇಡ, ಮತ್ತೆ ಮಾಡಿ ನೋಡು ಎಂದೆ. ಪ್ರಯೋಗಾಲಯದಲ್ಲಿ ನಾನು ದಿನಾ ಹೇಳುವ ಮಾತೇ ಅದು. ಒಂದು ಹೆಸರುಕಾಳು ಮೊಳೆತರೆ ಸಾಲದು, ಇನ್ನೊಂದು ಸಲ ನೆನೆಹಾಕಿ ಎಂದು ಪ್ರಾಣ ತಿನ್ನುವವಳು ನಾನು. ಅವಳು ತಲೆದೂಗಿ, ಕಣ್ಣೊರೆಸಿಕೊಂಡು ಕೇಳಿದಳು: "ಹಂಗಾರೆ ಮಂಗನ್ನ ಇನ್ನೊಂದ್ ಸಲ ಮನುಷ್ಯ ಮಾಡಿ ತೋರಿಸ್ತೀರೇನ್ರಿ, ಮೇಡಂ?"

೪. ಬಲಕ್ಕೋ ಎಡಕ್ಕೋ

ಆ ಭಾನುವಾರ ಗುತ್ತೂರಿಗೆ ಹೋದೆ. ಅಜ್ಜಿ "ಬರ್ರಿ, ಕೂಡ್ರಿ" ಎಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟು, ಪೂರ್ತಿ ತಿನ್ನಿಸಿದರು. ತಿಂದಾದ ಮೇಲೆ ವಾದ ಶುರುವಾಯಿತು. ನಾನು ಬಂಡೆಯಲ್ಲಿ ಸಿಕ್ಕ ಮೂಳೆಗಳ ಮಾತೆತ್ತಿದೆ, ಅಜ್ಜಿ ಶರಣರ ಮಾತೆತ್ತಿದರು. ನಾನು ಗೆಲ್ಲಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಸೆರಗು ಸರಿಮಾಡಿಕೊಂಡು ಎದ್ದರು.

"ನಾನೂ ನೀವೂ ಕೂಗಾಡಿದ್ರೆ ಮುಗಿಯಾಕಿಲ್ಲ, ಮೇಡಂ. ಹುಟ್ಟಿಸಿದೋನನ್ನೇ ಕೇಳಾಣ ಬರ್ರಿ."

ಆ ಮನೆಯಲ್ಲಿ ಮದುವೆ, ಬೋರು, ಟ್ರ್ಯಾಕ್ಟರು ಎಲ್ಲವೂ ಮನೆದೇವರು ವೀರಭದ್ರನ ಅಪ್ಪಣೆಯಿಂದಲೇ ಆದದ್ದು. ಒದ್ದೆ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಕಾಯುವುದು ಪದ್ಧತಿ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಗುಡಿಯಲ್ಲಿ ಅಜ್ಜಿ ಕೈ ಮುಗಿದು, ಈ ಕೂಸು ಮಂಗನ ಪಾಠ ಓದಿ ಮುಂದೂ ಸೈನ್ಸಿಗೆ ಹೋಗಬಹುದಾದರೆ ಬಲಕ್ಕೆ ಕೊಡಪ್ಪ ಎಂದು ಬೇಡಿಕೊಂಡರು. ಪೂಜಾರಿ ಫ್ಯಾನು ಆರಿಸಿದರು. ಗಾಳಿಗೆ ಬಿದ್ದರೆ ಅದು ದೇವರ ಮಾತಾಗುವುದಿಲ್ಲ ಎಂದರು. ಆ ಶಿಸ್ತು ಕಂಡು ನಾನು ದಂಗಾದೆ.

ಆಮೇಲೆ ಕಾದದ್ದೇ ಕಾದದ್ದು. ಎಣ್ಣೆದೀಪ ತೂಕಡಿಸುತ್ತಿತ್ತು. ಹೊರಗೆ ಬೇವಿನ ಮರದಲ್ಲಿ ಕಾಗೆಯೊಂದು ಅರ್ಧ ಕೂಗಿ ಸುಮ್ಮನಾಯಿತು. ನನಗೆ ಮತ್ತೆ ಆ ಮೀನು ಕಂಡಿತು, ಬದುವಿಗೆ ಎದೆಯೂರಿ, ಬರಲೋ ಬೇಡವೋ ಎಂದು ನೋಡುತ್ತಿತ್ತು. ಪಕ್ಕದಲ್ಲಿ ಹುಡುಗಿ ಉಸಿರು ಬಿಗಿಹಿಡಿದಿದ್ದಳು. ಎಡಗಡೆಯ ಹೂವು ಸಣ್ಣಗೆ ಜಾರಿದಂತೆ ಕಂಡಿತು. ಅಷ್ಟು ವರ್ಷ ಪುರಾವೆ, ಪುರಾವೆ ಎಂದು ಬೋರ್ಡಿಗೆ ಬಡಿದು ಪಾಠ ಮಾಡಿದ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿ, ಅಪ್ಪಾ ವೀರಭದ್ರ, ಇದೊಂದು ಸಲ ನಡೆಸಿಕೊಡು, ಕಾಯಿ ಒಡೆಸುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಣ್ಣು ಬಿಟ್ಟರೆ ಬಲಗಡೆಯ ಹೂವು ದೇವರ ಪಾದದಲ್ಲಿತ್ತು.

ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗಳ ಮುಡಿಗೆ ಸಿಕ್ಕಿಸಿದರು. ಕೊಟ್ಟನಲ್ಲ, ಇನ್ನು ಒಂದಕ್ಷರ ಬಿಡದೆ ಓದು ಎಂದರು. ನಾನು ಹರಕೆಯ ಕಾಯಿಗೆಂದು ಪರ್ಸು ತೆಗೆದೆ. ಅಷ್ಟರಲ್ಲಿ ಹುಡುಗಿ ಮುಡಿಯ ಹೂವು ಮುಟ್ಟಿಕೊಳ್ಳುತ್ತ, ತರಗತಿಯಲ್ಲಿ ಸಂದೇಹ ಕೇಳುವಾಗಿನ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಮೇಡಂ, ಒಂದ್ ಸಲ ಆಗಿದ್ದನ್ನ ನಂಬಬಾರ್ದು ಅಂತ ನೀವೇ ಹೇಳಿದ್ರಲ್ರಿ. ಇನ್ನೊಂದ್ ಸಲ ಕೇಳಿ ನೋಡಾಣ?"

ಪೂಜಾರಿ ಪಾಪ, ಆಗಲೇ ಇನ್ನೆರಡು ಹೂವು ನೀರಿಗೆ ಅದ್ದಿದ್ದರು. ನಾನು ಅಡ್ಡ ಬಂದು ಅವರ ಕೈ ತಡೆದೆ.

"ಬ್ಯಾಡಮ್ಮ," ಎಂದೆ. "ದೇವರನ್ನ ಪರೀಕ್ಷೆ ಮಾಡಬಾರದು."

ಅಜ್ಜಿ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವು ಇಷ್ಟು ಭಕ್ತರು ಅಂತ ಮೊದ್ಲೇ ಹೇಳಿದ್ರೆ, ಮೇಡಂ, ಹೂವು ಕೇಳೋದೇ ಬೇಕಿರ್ಲಿಲ್ಲ."