ಒಂದು ಪೇಪರ್ ಹೋದರೂ ವಾಪಸ್ ಬಾ

ಮೊದಲ ವರ್ಷ ಕಾಲೇಜು ಸೇರಿದವನಿಗೆ ನಗೆಪಾಟಲಾಗುವುದು ಹಾಜರಾತಿಯಷ್ಟೇ ಕಡ್ಡಾಯ. ನನ್ನದು ಹಾಜರಾತಿಗಿಂತ ತುಸು ಹೆಚ್ಚೇ ಇತ್ತು.

ಸಿರುಗುಪ್ಪದಲ್ಲಿ ಪಿಯುಸಿ ಮುಗಿಸಿ ಬಿಎಸ್ಸಿ ಓದಲು ಬಳ್ಳಾರಿಗೆ ಹೊರಟಾಗ ಅಪ್ಪ ಒಂದೇ ಷರತ್ತು ಹಾಕಿದರು. “ಮೊದಲನೇ ಸೆಮಿಸ್ಟರ್‌ನಾಗ ಒಂದ್ ಪೇಪರ್ ಹೋದ್ರೂ ವಾಪಸ್ ಬಾ. ಮೋಕಾ ಊರಾಗ ನಿಮ್ಮ ಚಿಕ್ಕಪ್ಪನ ಗೊಬ್ಬರದ ಅಂಗಡಿ ಐತಿ, ಕುಂದ್ರುವಂತಿ.”

ನನಗೆ ಅಂಗಡಿ ಬೇಡವಾಗಿತ್ತು. ಹಾಗಾಗಿ ಆ ಸೆಮಿಸ್ಟರ್ ಪೂರ್ತಿ ಎಲ್ಲವನ್ನೂ ಬಹಳ ಕ್ರಮವಾಗಿ ಮಾಡಿದೆ. ತೊಂದರೆಗಳೆಲ್ಲ ಬಂದದ್ದು ಅಲ್ಲಿಂದಲೇ.

ಸೀಟು

ಸಿರುಗುಪ್ಪದ ನಿಲ್ದಾಣದಲ್ಲಿ ಬಳ್ಳಾರಿ ಬಸ್ಸಿನ ಸೀಟು ಬೇಕೆಂದರೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಬೇಕು. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ನನಗೆ ಗೊತ್ತಿದ್ದ ನಿಯಮ ಅದೊಂದೇ. ಕಾಲೇಜಿನ ಮೊದಲ ದಿನ ಬೇಗ ಹೋಗಿ ಮುಂದಿನ ಬೆಂಚಿಗೆ ಟವೆಲ್ ಹಾಸಿ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು.

“ಯಾರದಿದು?”

“ನಂದ್ರಿ ಸರ್. ಸೀಟ್ ಹಿಡಿದಿದ್ದೆ.”

“ಬಸ್ ಎಲ್ಲಿಗೆ ಹೊಂಟೈತಿ?”

“ಬಿಎಸ್ಸಿಗ್ರಿ.”

ತರಗತಿ ನಕ್ಕಿತು. ಆದರೆ ಮುಂದಿನ ಸೋಮವಾರ ಆರು ಬೆಂಚುಗಳ ಮೇಲೆ ಟವೆಲ್ ಇದ್ದವು. ಮೇಷ್ಟ್ರು ಒಳಗೆ ಬಂದರು, ಸಾಲಾಗಿ ನೋಡಿದರು, ತಮ್ಮ ಕರ್ಚೀಫು ತೆಗೆದು ಕುರ್ಚಿಗೆ ಹಾಕಿದರು.

ಒಂದು ಗಂಟೆ ಇಂಗ್ಲಿಷ್

ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಜೊತೆಗಿದ್ದವನು ನನ್ನದೇ ತರಗತಿಯ ಕುರುಗೋಡಿನ ಗೆಳೆಯ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಇಬ್ಬರಿಗೂ ಅದು ಕಷ್ಟ. ಒಂದು ನಿಯಮ ಮಾಡಿದೆ: ಸಂಜೆ ಆರರಿಂದ ಏಳರವರೆಗೆ ಇಂಗ್ಲಿಷ್ ಮಾತ್ರ. ಕನ್ನಡ ಆಡಿದವನು ಪಾತ್ರೆ ತೊಳೆಯಬೇಕು.

ಮೊದಲೆರಡು ದಿನ ಆರರಿಂದ ಏಳರವರೆಗೆ ಕೋಣೆಯಲ್ಲಿ ಒಂದೇ ಒಂದು ಮಾತು ಹುಟ್ಟಲಿಲ್ಲ. ಮೂರನೇ ದಿನ ಮನೆಯ ಒಡತಿ ಬಾಗಿಲಿಗೆ ಬಂದರು. ಮೊದಲು ತೆಲುಗಿನಲ್ಲಿ ಕೇಳಿದರು, ಆಮೇಲೆ ಕನ್ನಡದಲ್ಲಿ. “ಏನ್ರಪಾ, ಜಗಳಾಡೀರೇನು? ಇಷ್ಟೊತ್ತೂ ಒದರಾಡ್ತಿದ್ರಿ, ಆರಾದ ಕೂಡ್ಲೆ ಮುಖ ತಿರುವಿ ಕುಂದ್ರತೀರಿ.”

ಏಳಾಗಲು ಇನ್ನೂ ಹೊತ್ತಿತ್ತು; ಇಬ್ಬರೂ ಗಡಿಯಾರ ತೋರಿಸಿದೆವು. ಅವರಿಗೆ ಗಾಬರಿ ಹೆಚ್ಚಾಯಿತು. ಒಳಗೆ ಹೋಗಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಒಂದೇ ತಟ್ಟೆಯಲ್ಲಿ ತಂದಿಟ್ಟರು. “ಕೂಡಿ ತಿನ್ರಿ, ರಾಜಿ ಆಗ್ರಿ.”

ಇಂಗ್ಲಿಷ್ ಅಭ್ಯಾಸವನ್ನು ನಾವು ಆ ವಾರವೇ ಬಿಟ್ಟೆವು. ಆರಕ್ಕೆ ಸುಮ್ಮನಾಗುವುದನ್ನು ಮಾತ್ರ ಬಿಡಲಿಲ್ಲ.

ಬೇರೆ ಉತ್ತರ

ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಹನಿಹನಿ ಬಿಟ್ಟು ಅಳತೆ ಬರೆಯಬೇಕಿತ್ತು. ಮೂರು ಸಲ ಮಾಡಿದೆ. ತರಗತಿಯಲ್ಲಿ ಎಲ್ಲರ ಉತ್ತರವೂ ಒಂದೇ, ನನ್ನದೊಂದೇ ಬೇರೆ. ಮೇಡಂ ಪುಸ್ತಕಗಳನ್ನು ಸಾಲಾಗಿ ಇಟ್ಟುಕೊಂಡು ನನ್ನನ್ನು ಕರೆದರು. ಈ ಪೇಪರ್ ಹೋಯಿತು ಅಂದುಕೊಂಡೆ.

“ಎಲ್ಲಾರದೂ ಒಂದೇ ಐತಿ. ನಿಂದ್ಯಾಕ ಬ್ಯಾರೆ?”

“ನಾನು ಮಾಡೀನ್ರಿ ಮೇಡಂ.”

ಉಳಿದವರು ಸೀನಿಯರ್‌ಗಳ ಪುಸ್ತಕ ನೋಡಿ ಬರೆದಿದ್ದರು. ಮೇಡಂ ಆ ವರ್ಷ ದ್ರಾವಣವನ್ನು ಬದಲಿಸಿದ್ದರು.

ವೈವಾ

ಸಸ್ಯಶಾಸ್ತ್ರದ ಥಿಯರಿ ಅಷ್ಟಕ್ಕಷ್ಟೇ ಆಗಿತ್ತು. ಪ್ರಾಕ್ಟಿಕಲ್‌ನಲ್ಲಿ ಅಂಕ ಬಾರದಿದ್ದರೆ ಆ ವಿಷಯ ಹೋದಂತೆಯೇ. ಬೇರೆ ಊರಿನಿಂದ ಬಂದ ಪರೀಕ್ಷಕರು ಮುಖ ಎತ್ತದೆ ಒಂದು ಭತ್ತದ ಎಲೆ ಮುಂದಿಟ್ಟರು.

“ಏನಿದು?”

“ಬೆಂಕಿ ರೋಗ ರೀ.”

“ವೈಜ್ಞಾನಿಕ ಹೆಸರು?”

“ಮರ್ತ್ ಹೋತ್ರಿ.”

“ಮತ್ತ ಹೆಂಗ ಗುರುತು ಹಿಡದಿ?”

“ಮಚ್ಚಿ ಎರಡೂ ತುದಿಗೆ ಚೂಪು, ನಡುವ ಬೂದಿ ಬಣ್ಣ. ನಮ್ಮ ಗದ್ದ್ಯಾಗ ನೋಡೀನ್ರಿ.”

“ಯಾವೂರು?”

“ತೆಕ್ಕಲಕೋಟಿ ರೀ, ಸಿರುಗುಪ್ಪದ ಹತ್ರ.”

ಅವರು ಪೆನ್ನು ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ ಜೇಬಿನಿಂದ ಫೋನು ತೆಗೆದು ಒಂದು ಫೋಟೊ ತೋರಿಸಿದರು. “ಇದು ನಮ್ಮ ಗದ್ದಿ. ಎರಡು ಸಲ ಔಷಧಿ ಹೊಡಿಸೀನಿ. ಹೆಚ್ಚಾಗಾಕತ್ತೈತಿ.”

ದೊಡ್ಡದು ಮಾಡಿ ನೋಡಿದೆ. “ಸರ್, ಇದು ರೋಗ ಅಲ್ರಿ. ಪಟ್ಟಿ ಪಟ್ಟಿ ಸುಟ್ಟೈತಿ ನೋಡ್ರಿ, ಔಷಧಿ ಹೊಡಿಯೋರು ನಡೆದ ದಾರಿಗೆ ಸರಿಯಾಗಿ. ರೋಗ ಹಿಂಗ ಸಾಲು ಹಿಡಿದು ಬರಂಗಿಲ್ಲ. ಕಳೆನಾಶಕ ಹೊಡೆದ ಪಂಪು ತೊಳಿದೇ ಅದರಾಗ ಔಷಧಿ ಹಾಕ್ಯಾರ.”

ಅವರು ಅಲ್ಲಿಂದಲೇ ಗದ್ದೆ ನೋಡಿಕೊಳ್ಳುವವರಿಗೆ ಫೋನು ಹಚ್ಚಿದರು. “ಲೇ, ಪಂಪು ತೊಳದಿದ್ದೇನು?”

ಆ ಕಡೆಯಿಂದ ನನಗೂ ಕೇಳಿಸುವಂತೆ ಸಣ್ಣ ದನಿ: “ಯಾರ್ ಹೇಳಿದ್ರೀ ನಿಮಗ?”

ಮುಂದೆ ಏನು ಮಾಡಬೇಕೆಂದು ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡರು. ಹೊರಗೆ ಬಂದಾಗ ಕುರುಗೋಡಿನವನು ತನ್ನ ಸರದಿಗೆ ಪುಸ್ತಕ ಹಿಡಿದು ನಿಂತಿದ್ದ.

“ಅರ್ಧ ತಾಸು ಏನ್ ಕೇಳಿದ್ರಲೇ?”

“ಗದ್ದಿ.”

“ಅದು ಯಾವ ಯೂನಿಟ್‌ನಾಗ ಬರತೈತಿ?” ಎಂದು ಅವನು ಪುಸ್ತಕ ತಿರುವತೊಡಗಿದ.

ಫಲಿತಾಂಶ ಬಂತು. ಒಂದೂ ಪೇಪರ್ ಹೋಗಿರಲಿಲ್ಲ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ತರಗತಿಗೇ ಮೊದಲು. ಅಪ್ಪನಿಗೆ ಫೋನು ಮಾಡಿ ವೈವಾದ ಕತೆ ಪೂರ್ತಿ ಹೇಳಿದೆ. ಅವರು ಕೊನೆಗೆ ಗಂಭೀರವಾಗಿ ಕೇಳಿದರು:

“ಕೇಳಿದವರೂ ಅವರೇ, ಬರಕೊಂಡವರೂ ಅವರೇ. ಮತ್ತ ಅವರು ಪಾಸಾದ್ರೇನು?”