ಮಗಳ ಮನಿ ಅನ್ನ ಉಣ್ಣಂಗಿಲ್ಲ ಅಂದವ್ರ ಕ್ರಿಸ್‌ಮಸ್

ಮನುಷ್ಯಾ ಮಾರಿ ಗಂಟು ಹಾಕ್ಕೊಂಡು ಕುಂತಲ್ಲೇ ನಗೋ ಕೆಲಸ ಆಗ್ತಾವ ನೋಡ್ರಿ. ನಕ್ಕೋತ ಇರೋ ಮನಿ ಕಡಿ ಅವು ಹೊಳ್ಳಿ ಸುದ್ದಾ ನೋಡಂಗಿಲ್ಲ. ನಮ್ಮನಿಯವ್ರ ಜೋಡಿ ಇಷ್ಟು ವರ್ಷ ಸಂಸಾರ ಮಾಡಿ ನಾ ಕಲ್ತದ್ದು ಇದೊಂದೇ.

ನಮ್ಮದು ಗುಂಡಗುರ್ತಿ. ಲಿಂಗಪೂಜಿ ಆಗೋತನಕ ನೀರು ಮುಟ್ಟದ ಮನಿತನ. ಒಬ್ಬಾಕೇ ಮಗಳು. ಆಕಿ ವಾಡಿ ಊರಿನ ಒಬ್ಬ ಕ್ರಿಶ್ಚನ್ ಹುಡುಗನ್ನ, ರೈಲ್ವೆದಾಗ ಕೆಲಸ ಮಾಡವನ್ನ, ತಾನೇ ಮೆಚ್ಚಿ ಮದಿವಿ ಆದಳು. ಅವತ್ತ ಇವ್ರು ಬೈಲಿಲ್ಲ, ಬಡೀಲಿಲ್ಲ. "ನಿನ್ನ ಮನಿ ಅನ್ನ ನಾ ಉಣ್ಣಂಗಿಲ್ಲ" ಅಂದ್ರು, ಅಷ್ಟೇ. ಅಂದದ್ದು ಅಂದಂಗೇ ನಡಿಸಿದ್ರು. ಮೊಮ್ಮಗಳು ಹುಟ್ಟಿ ಸಾಲಿಗಿ ಹೋಗೋವಷ್ಟು ದೊಡ್ಡಾಕಿ ಆದ್ರೂ ಅವ್ರ ಹೊಸ್ತಿಲಾ ದಾಟಲಿಲ್ಲ. ಮಗಳು ನನಗ ಫೋನ್ ಮಾಡಿದಾಗೊಮ್ಮೆ ಒಂದೇ ಮಾತು. "ಯವ್ವಾ, ಅಪ್ಪ ನನ್ನ ಕೈಲೆ ಒಂದ್ ತುತ್ತು ಉಂಡ್ರ ಸಾಕು. ಮತ್ತೇನೂ ಬ್ಯಾಡ." ಹೆತ್ತ ಕರುಳು ನೋಡ್ರಿ. ಸೆರಗಿಲೆ ಕಣ್ಣು ಒರೆಸ್ಕೊಂಡು ಫೋನ್ ಇಡ್ತಿದ್ದೆ.

ಹೋದ ಡಿಸೆಂಬರ್‌ದಾಗ ಮೊಮ್ಮಗಳೇ ಅಜ್ಜಗ ಫೋನ್ ಹಚ್ಚಿದಳು. "ಅಜ್ಜಾ, ಚರ್ಚಿನ ನಾಟಕದಾಗ ನಾ ಕುರಿ ಆಗೀನಿ. ನೀ ಬರಂಗಿಲ್ಲಂದ್ರ ನಾ ಕುರಿ ಆಗಂಗಿಲ್ಲ." ಇವ್ರು ಭಾಳ ಹೊತ್ತು ಮೀಸಿ ತಿರಿವಿದ್ರು. ಕಡೀಕ, "ಕೂಸಿನ ಮಾರಿ ನೋಡ್ಲಾಕ ಬರ್ತೀನಿ. ಅಲ್ಲಿ ಒಂದ್ ಅಗಳೂ ಮುಟ್ಟಂಗಿಲ್ಲ" ಅಂದ್ರು.

ಬುತ್ತಿ

ಹಂಗಂದವ್ರು ನನ್ನ ಕೈಲೆ ದೊಡ್ಡ ಗಂಟು ಕಟ್ಟಿಸಿದ್ರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಅಂತ ಎರಡು ನಮೂನಿ ಚಟ್ನಿಪುಡಿ, ಮ್ಯಾಲ ಒಂದು ಕ್ಯಾನು ಕುಡಿಯೋ ನೀರು. ಚಿತ್ತಾಪುರದಾಗ ಬಸ್ ಹತ್ತುವಾಗ ಕಂಡಕ್ಟರ್ ಕೇಳಿದ, "ಅಜ್ಜಾರ, ಎಲ್ಲಿಗಿ ಹೊಂಟೀರಿ?" ಮಗಳ ಮನಿಗಿ ಅಂದ್ರು. ಅವ ಗಂಟು ನೋಡ್ದ, ಕ್ಯಾನು ನೋಡ್ದ. "ಭಾಳ ಬರಗಾಲ ಅದ ಏನ್ರಿ ಅವ್ರ ಮನ್ಯಾಗ?" ಅಂದ. ರಾವೂರ ದಾಟೋತನಕ ಇವ್ರು ಗಂಟಿನ ಮ್ಯಾಲ ಶಲ್ಯಾ ಮುಚ್ಚಿ ಹಿಡ್ಕೊಂಡೇ ಕುಂತ್ರು.

ಮಗಳು ಬಾಗಲದಾಗ ನಿಂತಿದ್ದಳು. ಅಪ್ಪನ ಕಾಲಿಗಿ ಬಿದ್ದಳು, ಎದ್ದಳು, ಗಂಟು ನೋಡಿದಳು. ತಿಳೀತು ಆಕಿಗಿ. ತಾನೇ ಎತ್ತಿ ಒಳಗ ಇಟ್ಟಳು.

ಅವತ್ತ ಸಂಜಿಗಿ ಚರ್ಚಿನ ಹುಡುಗುರು ಡೋಲಕ್ ಬಾರ್ಸ್ಕೋತ ಮನಿ ಮನಿ ಮುಂದ ಹಬ್ಬದ ಹಾಡು ಹಾಡ್ಲಾಕ ಬಂದ್ರು. ಹಾಡಿದವ್ರಿಗಿ ತಿನ್ಲಾಕ ಏನಾರ ಕೊಡೋದು ಅವ್ರಲ್ಲಿ ಪದ್ಧತಿ. ಹಾಡು ಮುಗದ ಮ್ಯಾಲ ಓಣ್ಯಾಗ ಕಟಂ ಕಟಂ ಸಪ್ಪಳ. ಇವ್ರು ಕಿವಿ ನಿಗರಿಸಿ ಕುಂತ್ರು. ಹೊರಗಿಂದ ಯಾರೋ ಒದರಿದ, "ಅಜ್ಜಾರ, ಹಿಂಡಿ ಭಾರಿ ಅದ್ರಿ!"

ಮೊಮ್ಮಗಳು ಬುತ್ತಿ ಕಟ್ಟಿದ್ದ ಅರಿವಿ ಖಾಲಿ ಮಾಡಿ ಹಿಡ್ಕೊಂಡು ಒಳಗ ಬಂದಳು. "ಕೇಕ್ ಇನ್ನಾ ಆಗಿಲ್ಲಜ್ಜಾ. ಅದಕ್ಕ ನಿನ್ನ ರೊಟ್ಟಿ ಕೊಟ್ಟೆ. ಎಲ್ಲಾ."

ಕೊಟ್ಟದ್ದು ಹೊಳ್ಳಿ ಕೇಳೋ ಮಂದಿ ಅಲ್ಲ ನಾವು. ಅವತ್ತಿಂದ ಇವ್ರು "ಜರಾ ತಿರಗ್ಯಾಡಿ ಬರ್ತೀನಿ" ಅಂತ ಸ್ಟೇಷನ್ ಕಡಿ ಹೋಗ್ಲಾಕ ಹತ್ತಿದ್ರು. ಮರುದಿನ ನಾ ಬೆನ್ನ ಹತ್ತಿ ಹೋದ್ರ, ಅಲ್ಲಿ ಬಾಳಿಹಣ್ಣು ಮಾರಾಕಿ ಇವ್ರಿಗಿ ಆಗಲೇ "ಮಾವಾ" ಅನ್ನಾಕತ್ತಿದ್ದಳು.

ಮಟನ್ ಇಲ್ಲದ ಹಬ್ಬ

ನಮ್ಮ ಬೀಗತಿ, ಅಳಿಯನ ಅವ್ವ, ಗಂಡ ಇಲ್ಲದಾಕಿ. ಮಾತು ಕಮ್ಮಿ. ಅಡಿಗಿ ಮನ್ಯಾಗ ಹೋಗಿ ನೋಡ್ತೀನಿ, ಹೊಸ ಗಂಗಾಳ, ಹೊಸ ಬೋಗುಣಿ, ಸೌಟು ಸುದ್ದಾ ಹೊಸಾದು. "ಅಕ್ಕಾರ, ಇದೆಲ್ಲಾ ಯಾಕ್ರಿ?" ಅಂದೆ. "ಬೀಗ್ರು ಮೊದಲ ಸಲ ಬಂದಾರ, ಮಾಂಸ ಮುಟ್ಟದ ಪಾತ್ರಿನೇ ಇರ್ಲಿ ಅಂತ. ಉಣ್ಲಿ, ಬಿಡ್ಲಿ, ಅದು ಅವ್ರ ಮನಸ್ಸು. ಮನ್ಯಾಗ ವಾಸನಿ ಬರಬಾರದು ಅಂತ ಈ ವರ್ಷ ಮಟನ್ ಬ್ಯಾಡ ಅಂದೀನ್ರಿ." ಅವ್ರ ವರ್ಷದ ಹಬ್ಬ ಅದು!

ಓಣಿ ತುಂಬ ಮಸಾಲಿ ಅರಿಯೋ ವಾಸನಿ ಹೊಡ್ಯಾಕತ್ತಿತ್ತು, ಈ ಮನ್ಯಾಗ ಮಾತ್ರ ಪುಂಡಿಪಲ್ಯ. ಬಾಜೂ ಮನಿಯಾಕಿ ಕಿಡಕಿ ಒಳಗ ಇಣಿಕಿ ನೋಡಿ, ದನಿ ಸಣ್ಣ ಮಾಡಿ ಬೀಗತಿಗಿ ಕೇಳಿದಳು, "ಯಾರು ತೀರ್ಕೊಂಡಾರವ್ವಾ?"

ಬೆಕ್ಕೊಂದಿತ್ತು ಮನ್ಯಾಗ. ಅದು ಪುಂಡಿಪಲ್ಯದ ಬೋಗುಣಿ ಮೂಸಿ ನೋಡಿ ಹೋದದ್ದು, ನಾವು ಊರಿಗಿ ಹೋದ ಮ್ಯಾಲೇ ಬಂತಂತ.

ಗೋದಲಿ

ಹಬ್ಬದ ಹಿಂದಿನ ದಿನ ಮೊಮ್ಮಗಳು ಪಡಸಾಲ್ಯಾಗ ಗೋದಲಿ ಮಾಡ್ಲಾಕ ಕುಂತಳು. ಯೇಸು ಹುಟ್ಟಿದ ಕೊಟಗಿ. ಬಾಣಂತಿ, ಕೂಸು, ಗಂಡ, ದನ, ಎಲ್ಲಾ ಮಣ್ಣಿನ ಗೊಂಬಿ. ಇವ್ರು ಒಕ್ಕಲುತನ ಮಾಡವ್ರು, ಸುಮ್ನ ಕುಂದರ್ತಾರೇನು? ಎತ್ತು ಕೂಸಿಗಿ ಭಾಳ ಹತ್ರ ಆಯ್ತಂದ್ರು, ಹುಲ್ಲು ಹಸೀದು ಅಂದ್ರು. ಕಡೀಕ ತಾವೇ ಕುಂತು ಕೊಟಗಿ ಬರೋಬ್ಬರಿ ಮಾಡಿದ್ರು. ಮಾಡಿ ಕೇಳಿದ್ರು:

"ಅಲ್ಲವಾ, ಚೊಚ್ಚಲ ಬಾಣಂತಿ ಈಕಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಿಲ್ಲೋ? ದನದ ಕೊಟಗ್ಯಾಗ ಹಡಿಯೋ ಹಣಿಬಾರ ಯಾಕ ಬಂತು? ಈಕಿ ಅಪ್ಪ ಎಲ್ಲಿ ಸತ್ತಿದ್ದ?"

ನನ್ನ ಮಗಳು ಚೊಚ್ಚಲ ಹಡದದ್ದು ಇದೇ ಮನ್ಯಾಗ. ಈ ಬೀಗತೀನೇ ಎರದು, ಕಾಸಿ, ಬಾಣಂತನ ಮಾಡಿದ್ದಳು. ನಾವು ಕರೀಲಿಲ್ಲ. ಮಗಳು ಅಡಿಗಿ ಮನಿ ಬಾಗಲದಾಗ ಲಟ್ಟಣಗಿ ಹಿಡ್ಕೊಂಡು ಹಂಗೇ ನಿಂತಳು. ಇವ್ರಿಗಿ ತಾವು ಅಂದದ್ದು ಏನಂತ ಆವಾಗ ತಿಳೀತು. ತಲಿ ಮ್ಯಾಲ ಎತ್ತಲಿಲ್ಲ.

ಕೂಸಿಗೇನು ಗೊತ್ತು? ಎತ್ತು ಸರಿಸ್ಕೋತ ಹೇಳಿದಳು, "ಅವರಪ್ಪಗ ಸಿಟ್ಟು ಬಂದಿರಬೇಕಜ್ಜಾ."

ಕುರಿ

ಅವತ್ತೇ ಸಂಜಿಗಿ ನಾಟಕ. ನಮ್ಮ ಕುರಿ ಹತ್ತಿ ಹಚ್ಚಿದ ಅಂಗಿ ಹಾಕ್ಕೊಂಡು ವೇದಿಕಿ ಮ್ಯಾಲ ಬಂತು. ಅಜ್ಜನ್ನ ನೋಡ್ತು. ನಾಟಕ ಗೀಟಕ ಬಿಟ್ಟು ಸೀದಾ ಇಳದು ಬಂದು ಇವ್ರ ತೊಡಿ ಮ್ಯಾಲ ಕುಂತಿತು. ಕುರುಬನ ಪಾರ್ಟ್ ಮಾಡಿದವ ಕೋಲು ಹಿಡ್ಕೊಂಡು ಕೆಳಗ ಬಂದು, "ಅಜ್ಜಾರ, ನಮ್ಮ ಕುರಿ ಕೊಡ್ರಿ" ಅಂದ. ಇವ್ರು ಮೊಮ್ಮಗಳನ್ನ ಶಲ್ಯಾದಾಗ ಸುತ್ತಿ ಹಿಡ್ಕೊಂಡು, "ಇದು ಇವತ್ತ ಸಿಗಂಗಿಲ್ಲೋ ತಮ್ಮಾ. ಉಳಿದವು ಹೊಡ್ಕೊಂಡು ಹೋಗು" ಅಂದ್ರು.

ಕಾಲಿಗಿ ನೀರು

ಹಬ್ಬದ ದಿನ ಮಧ್ಯಾಹ್ನ ಅವ್ರ ಚರ್ಚಿನ ಪಾಸ್ಟರ್ ಮನಿಗಿ ಪ್ರಾರ್ಥನಿ ಮಾಡ್ಲಾಕ ಬಂದ್ರು. ಸಣ್ಣ ವಯಸ್ಸಿನವ್ರು, ಬೂಟು ಮಿರಿಮಿರಿ. ಎಲ್ಲಾರೂ ಎದ್ದು ನಿಂತು "ಬರ್ರಿ, ಕುಂದ್ರಿ" ಅಂದ್ರು. ಅವ್ರು ಕುರ್ಚಿ ಮ್ಯಾಲ ಕುಂತ್ರು.

ಇವ್ರು ಆಕಡಿ ನೋಡಿದ್ರು, ಈಕಡಿ ನೋಡಿದ್ರು. ಯಾರೂ ಅಳ್ಳಾಡವಲ್ಲರು. ನಮ್ಮಲ್ಲಿ ಮನಿಗಿ ಜಂಗಮ ಅಯ್ಯನೋರು ಬಂದ್ರ ಮೊದಲ ಪಾದ ತೊಳದು ಪೂಜಿ ಮಾಡಬೇಕು, ಆಮ್ಯಾಲ ಊಟಕ್ಕ ಕುಂದ್ರಿಸಬೇಕು. ಪಾದ ತೊಳಿಸ್ಕೊಂಡವ್ರು ಆ ಮನ್ಯಾಗ ಉಣ್ಣದ ಏಳಂಗಿಲ್ಲ. ಒಮ್ಮೆ ಊರಾಗ ಅಯ್ಯನೋರು ಗಡಿಬಿಡಿ ಮಾಡಿ ಹೊಂಟಾಗ ಇವ್ರೇ ಬಾಗಲಕ್ಕ ಅಡ್ಡ ನಿಂತು ಉಣಿಸಿ ಕಳಿಸಿದ್ರು.

"ಗುರು ಬಂದು ಕುಂತಾರ, ಕಾಲಿಗಿ ನೀರು ಕೊಡಂಗಿಲ್ಲ ಏನ್ರಿ ನಿಮ್ಮ ಮನ್ಯಾಗ?" ಅಂತ ಬೀಗತಿ ಮ್ಯಾಲೇ ಸಿಟ್ಟು ಮಾಡಿ, ತಾವೇ ತಂಬಿಗಿ ಪರಾತ ತಂದು ನೆಲಕ್ಕ ಕುಂತು, ಪಾಸ್ಟರ್ ಬೂಟು ಬಿಚ್ಲಾಕ ಹತ್ತಿದ್ರು. ಬೂಟಿನ ಲಾಡಿ ಗಂಟು ಬಿದ್ದಿತ್ತು. ಹಲ್ಲು ಹಚ್ಲಾಕ ಬಗ್ಗಿದಾಗ ಪಾಸ್ಟರ್ ಕುರ್ಚಿ ಸಮೇತ ಹಿಂದ ಸರದ್ರು. "ಅಜ್ಜಾರ! ಅಜ್ಜಾರ! ಬ್ಯಾಡ್ರಿ!" ಯಾರ ಮಾತು ಕೇಳ್ತಾರಿವ್ರು? ಬೂಟು ಬಿಚ್ಚಿ, ಕಾಲುಚೀಲ ಜಗ್ಗಿ, ಎರಡೂ ಪಾದ ತೊಳದೇ ಬಿಟ್ರು.

ಪಾಸ್ಟರ್ ಸುಮ್ನ ಎದ್ರು. ಇವ್ರ ರಟ್ಟಿ ಹಿಡದು ಅದೇ ಕುರ್ಚಿ ಮ್ಯಾಲ ಕುಂದ್ರಿಸಿ, ತಾವು ನೆಲಕ್ಕ ಕುಂತು ತಂಬಿಗಿ ತಗೊಂಡ್ರು. "ನಮ್ಮ ಗುರು ಶಿಷ್ಯರ ಪಾದ ತೊಳದವ್ರು ಅಜ್ಜಾರ. ನಾ ಬರೇ ತೊಳಿಸ್ಕೊಂಡು ಹೋದ್ರ ಅವ್ರಿಗಿ ಏನ್ ಉತ್ತರ ಕೊಡ್ಲಿ?" ಇವ್ರು ಕಾಲು ಜಗ್ಗಿದ್ರು. ಅವ್ರು ಬಿಡಲಿಲ್ಲ. ಒಕ್ಕಲುತನ ಮಾಡಿ ಒಡದ ಆ ಹಿಮ್ಮಡಿಗಳನ್ನ ಮೆಲ್ಲಕ ತೊಳದು, ಒರೆಸಿದ್ರು.

ನಾ ಬಿಡೋ ಹೆಣ್ಣಲ್ಲ. "ಏನ್ರಿ," ಅಂದೆ, "ಪಾದ ತೊಳಿಸ್ಕೊಂಡವ್ರು ಉಣ್ಣದ ಏಳಬಾರದು ಅಂತ ಊರಾಗ ಬಾಗಲಕ್ಕ ಅಡ್ಡ ನಿಂತವ್ರು ಯಾರು?"

ಇವ್ರು ನನ್ನ ಕಡಿ ನೋಡಿದ್ರು, ನುಂಗೋವಂಗ. ತಮ್ಮ ಹಸಿ ಪಾದ ನೋಡ್ಕೊಂಡ್ರು. ಆಮ್ಯಾಲ ಮಗಳ ಕಡಿ ತಿರುಗಿ, "ನೀಡವ್ವಾ" ಅಂದ್ರು.

ಬೀಗತಿ ಗಂಗಾಳ ಕೊಟ್ಟಳು, ಅಳಿಯ ರೊಟ್ಟಿ ಬುಟ್ಟಿ ತಂದ, ಪಾಸ್ಟರ್ ಬರಿಗಾಲಿಲೇ ಬಾಜೂಕ ಕುಂತ್ರು. ಮಗಳು ಅನ್ನ ನೀಡಿದಳು, ತೊಗರಿಬ್ಯಾಳಿ ಸಾರು ಹಾಕಿದಳು. ಇವ್ರು ಒಂದು ತುತ್ತು ಬಾಯಾಗ ಇಟ್ಟದ್ದೇ ತಡ, ಆಕಿ ಸೌಟು ಹಿಡ್ಕೊಂಡೇ ಬಿಕ್ಕಿ ಬಿಕ್ಕಿ ಅಳ್ಲಾಕ ಹತ್ತಿದಳು. ನಾನೂ ಅತ್ತೆ. ಸುಳ್ಳ್ಯಾಕ ಹೇಳ್ಲಿ, ಇವ್ರ ಮೀಸೀನೂ ಹಸಿ ಆಗಿತ್ತು.

ಇವ್ರು ತುತ್ತು ನುಂಗಿ, ಸಾರಿನ ಬೋಗುಣಿ ತಮ್ಮ ಕಡಿ ಸರಿಸ್ಕೊಂಡು, ಮಗಳ ಮಾರಿ ನೋಡಿ ಹೇಳಿದ್ರು:

"ಜರಾ ದೂರ ನಿಂತು ಅಳವ್ವಾ. ಸಾರಿಗಿ ಉಪ್ಪು ಬರೋಬ್ಬರಿ ಅದ."