ಐವತ್ತು ನಿಮಿಷದೊಳಗೆ ಐದು ಕಿಲೋಮೀಟರ್

ಮುಂಬಯಿಯಲ್ಲಿ ಕಾರಣವಿಲ್ಲದೆ ಓಡುವವನನ್ನು ಯಾರೂ ನಂಬುವುದಿಲ್ಲ. ಲೋಕಲ್ ಹಿಡಿಯಲು ಓಡಬಹುದು, ಬಸ್ಸಿನ ಹಿಂದೆ ಓಡಬಹುದು. ಸುಮ್ಮನೆ ಓಡಿದರೆ ಏನಾದರೊಂದು ಆಗಿಯೇ ತೀರುತ್ತದೆ. ಐವತ್ತಮೂರನೇ ವಯಸ್ಸಿನಲ್ಲಿ ಓಡಲು ಹೊರಟ ನನಗೆ ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

೧. ಎಲ್ಲರೂ ಓಡಿದರು

ಅದೊಂದು ಮಾಮೂಲು ಗುರುವಾರ. ಸಯನ್‌ನ ಕನ್ನಡ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿ, ಮುಲುಂಡಿನ ಮನೆಗೆ ಹೋಗಲು ಲೋಕಲ್ ಹತ್ತಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮನೆ ಹತ್ತಿರ ಬಂದಷ್ಟೂ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಂದು ಕುರ್ಲಾದಲ್ಲೇ ಇಳಿದುಬಿಟ್ಟೆ. ಇಳಿದು ಏನು ಮಾಡಬೇಕೆಂದು ತಿಳಿಯದೆ ಸೇತುವೆಯ ಮೇಲೆ ನಿಂತಿದ್ದಾಗ ಏನೋ ಘೋಷಣೆಯಾಯಿತು. ಸುತ್ತಲಿನ ಜನವೆಲ್ಲ ಓಡತೊಡಗಿದರು. ನಾನೂ ಓಡಿದೆ. ಮೆಟ್ಟಿಲಿಳಿದು, ಪ್ಲಾಟ್‌ಫಾರ್ಮ್ ದಾಟಿ, ಕಂಬಿ ಹಿಡಿದು ಒಂದು ಡಬ್ಬಿಯೊಳಗೆ ಬಿದ್ದೆ. ಆ ಎರಡು ನಿಮಿಷ ತಲೆಯಲ್ಲಿ ಏನೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಉಸಿರು ಬಂದ ಮೇಲೆ ಪಕ್ಕದವರನ್ನು ಕೇಳಿದೆ, “ಈ ಗಾಡಿ ಎಲ್ಲಿಗೆ ಹೋಗುತ್ತದೆ?”

“ಪನ್ವೇಲ್. ನಿಮಗೆಲ್ಲಿ ಹೋಗಬೇಕು?”

“ಮುಲುಂಡ್.”

“ಮತ್ತೆ ಇದನ್ನೇಕೆ ಹತ್ತಿದಿರಿ?”

“ಎಲ್ಲರೂ ಓಡಿದರು.”

ಡಬ್ಬಿಯಿಡೀ ನಕ್ಕಿತು. ಮಕ್ಕಳು ಇದೇ ಉತ್ತರ ಕೊಟ್ಟಾಗಲೆಲ್ಲ, ಇಪ್ಪತ್ತೆಂಟು ವರ್ಷ, ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

೨. ಟೇಪು

ಮರುದಿನದಿಂದ ಬೆಳಿಗ್ಗೆ ಓಡತೊಡಗಿದೆ. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಕನ್ನಡ ನಡುನಡುವೆ ಹಿಂದಿಗೆ ಹೊರಳುತ್ತದೆ. ಎರಡು ವಾರ ನೋಡಿ ಒಂದು ಭಾನುವಾರ ನನ್ನನ್ನು ತಡೆದಳು.

“ಅಪ್ಪಾ, ನೀ ಮನ್ಯಾಗ ಕೂಡೂದೇ ಇಲ್ಲ. ನಿಂತೇ ಊಟ ಮಾಡ್ತಿ. ನಿದ್ದಿ ಭೀ ಇಲ್ಲ. ರಜಾ ಹಾಕಿ ಧಾರವಾಡಕ್ಕ ಹೋಗು, ದೊಡ್ಡಪ್ಪ ಕರಿಯಾಕತ್ತಾರ.”

“ನಾನು ಸರಿಯಾಗೇ ಇದ್ದೀನಿ.”

“ಸರಿ ಇದ್ರ ತೋರಿಸು.” ಫೋನಿನಲ್ಲಿ ಏನೋ ಒತ್ತಿದಳು. “ನಿನ್ನ ಹೆಸರು ಕೊಟ್ಟೆ. ಎರಡು ತಿಂಗಳಾದ ಮ್ಯಾಲೆ ಇಲ್ಲೇ ಮುಲುಂಡಿನಾಗ ಐದು ಕಿಲೋಮೀಟರ್ ರೇಸ್. ಐವತ್ತು ಮಿನಿಟ್ ಒಳಗ ಮುಗಿಸಿದಿ ಅಂದ್ರ ನಾ ಸುಮ್ಮನಾಗ್ತೀನಿ. ಇಲ್ಲಾ ಅಂದ್ರ ಮರುದಿನಾನೇ ರಜಾ ಅರ್ಜಿ, ಸಂಜಿಗೆ ಧಾರವಾಡದ ಗಾಡಿ. ಡೀಲ್?”

ದಿನದಲ್ಲಿ ಶಾಲೆಯ ಐದು ತಾಸು ಮಾತ್ರ ನಾನು ಮನುಷ್ಯನಂತೆ ಇರುತ್ತಿದ್ದೆ. ಅದನ್ನು ಬಿಟ್ಟುಕೊಡುವಂತಿರಲಿಲ್ಲ. “ಡೀಲ್” ಎಂದೆ.

ಐದು ಕಿಲೋಮೀಟರ್ ಎಂದರೆ ನಮ್ಮ ಬಿಲ್ಡಿಂಗಿಗೆ ಎಷ್ಟು ಸುತ್ತು? ಅಂದಾಜಿನ ಮೇಲೆ ಓಡುವುದು ನನ್ನಿಂದಾಗದು. ಶಾಲೆಯ ಅಳತೆಯ ಟೇಪು ತಂದು, ಒಂದು ತುದಿ ವಾಚ್‌ಮನ್ ಕೈಗೆ ಕೊಟ್ಟು, ಕಂಪೌಂಡ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೂರ ಅರವತ್ತೆರಡೂವರೆ ಮೀಟರ್. ಮೂವತ್ತು ಸುತ್ತು, ಮೇಲೆ ನೂರಿಪ್ಪತ್ತೈದು ಮೀಟರ್.

ತಲೆ ಎತ್ತಿದರೆ ಎಲ್ಲ ಕಿಟಕಿಗಳಲ್ಲೂ ಮುಖಗಳು. ಮುಂಬಯಿಯ ಹಳೆಯ ಬಿಲ್ಡಿಂಗಿನಲ್ಲಿ ಟೇಪು ಬಿಚ್ಚಬಾರದು. ಟೇಪು ಬಂತೆಂದರೆ ಬಿಲ್ಡರ್ ಬಂದ ಎಂದೇ ಅರ್ಥ. ಹಳೆಯದನ್ನು ಕೆಡವಿ ಎಲ್ಲರಿಗೂ ದೊಡ್ಡ ಮನೆ ಕಟ್ಟಿಕೊಡುವ ಬಿಲ್ಡರ್, ಹದಿನೈದು ವರ್ಷದಿಂದ ನಮ್ಮಲ್ಲಿಗೆ ಬರುತ್ತಲೇ ಇರುವವನು. ಸೆಕ್ರೆಟರಿ ಬನಿಯನ್ನಿನಲ್ಲೇ ಇಳಿದು ಬಂದರು.

“ಮಾಸ್ತರ್, ಕಮಿಟಿಗೆ ಹೇಳದೆ ಸರ್ವೆನಾ?”

“ಇದು ಓಡುವುದಕ್ಕೆ.”

“ಯಾರು? ಬಿಲ್ಡರ್ ಆಗಲೇ ಓಡಿಹೋದನಾ?”

ಅವರನ್ನು ಒಪ್ಪಿಸುವಷ್ಟರಲ್ಲಿ ಎರಡನೇ ಮಹಡಿಯ ಮರಾಠಿ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, “ನನಗೆ ಮಾತ್ರ ಸಮುದ್ರ ಕಾಣೋ ಕಡೆ ಕೊಡಿಸು ಬಾಳಾ” ಎಂದರು. ಮುಲುಂಡಿನಿಂದ ಸಮುದ್ರ ಕಾಣಬೇಕಾದರೆ ಬಿಲ್ಡಿಂಗ್ ಎಷ್ಟು ಎತ್ತರವಿರಬೇಕು ಎಂದು ಮರುದಿನ ತರಗತಿಯಲ್ಲಿ ಲೆಕ್ಕ ಕೊಟ್ಟೆ. ಯಾರಿಗೂ ಬರಲಿಲ್ಲ. ನನಗೂ ಬಂದಿರಲಿಲ್ಲ.

೩. ಮುಖ

ಕಂಪೌಂಡಿನಲ್ಲಿ ಸುತ್ತಿದರೆ ದಿನಾ ಯಾರಾದರೊಬ್ಬರು “ಎಷ್ಟು ಸ್ಕ್ವೇರ್ ಫೂಟ್ ಹೆಚ್ಚು ಸಿಗುತ್ತೆ?” ಎಂದು ಕೇಳುತ್ತಿದ್ದರು. ರಸ್ತೆಗೆ ಇಳಿದೆ.

ಮೂಲೆಯಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿದೆ. ಬೆಳಿಗ್ಗೆ ಶಟರ್ ಎತ್ತುತ್ತಿದ್ದ ಮಾಲೀಕರು ನನ್ನನ್ನು ಕಂಡು ಗಾಬರಿಯಾದರು.

“ಮಾಷ್ಟ್ರೇ, ಎಂತ ಆಯ್ತು? ಮಗಳು ಸರಿ ಉಂಟಲ್ಲ?”

ಉಸಿರಿರಲಿಲ್ಲ. ಏನಿಲ್ಲ ಎನ್ನುವಂತೆ ಕೈ ಆಡಿಸಿದೆ. ಎಲ್ಲ ಮುಗಿಯಿತು ಎಂದು ಅವರು ತಿಳಿದುಕೊಂಡರು. ಹಿಂದೆ ಚಪ್ಪಲಿಯ ಸದ್ದು ಕೇಳಿ ತಿರುಗಿದರೆ ಮಾಲೀಕರು, ಅವರ ಹಿಂದೆ ಕ್ಯಾಷಿಯರ್, ಅವನ ಹಿಂದೆ ಸೌಟು ಹಿಡಿದ ಭಟ್ಟರು.

“ಧೈರ್ಯ ತಕೊಳ್ಳಿ ಮಾಷ್ಟ್ರೇ, ನಾವಿದ್ದೇವೆ!”

ಅವರಿಂದ ತಪ್ಪಿಸಿಕೊಳ್ಳಲು ನಾನು ಇನ್ನಷ್ಟು ಜೋರಾಗಿ ಓಡಿದೆ. ಸಿಗ್ನಲ್ ಬಳಿ ಹಿಡಿದರು.

“ಏನೂ ಆಗಿಲ್ಲ. ವ್ಯಾಯಾಮ.”

ಮಾಲೀಕರು ಸೊಂಟ ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು. “ವ್ಯಾಯಾಮಕ್ಕೆ ಇಂಥ ಮುಖ ಮಾಡುವುದಾ ಮಾರಾಯ್ರೇ?”

ಆ ದಿನಗಳಲ್ಲಿ ನನ್ನ ಬಳಿ ಬೇರೆ ಮುಖ ಇರಲಿಲ್ಲ. ಅದು ಅವರಿಗೂ ಹೊಳೆಯಿತೇನೋ. ಅಂದಿನಿಂದ ನನ್ನನ್ನು ದಿನಾ ತಡೆದು ಎರಡು ಇಡ್ಲಿ, ಒಂದು ವಡೆ ತಿನ್ನಿಸದೆ ಬಿಡಲಿಲ್ಲ. ತಿಂಗಳು ಓಡಿದ ಮೇಲೆ ತೂಕ ನೋಡಿದೆ. ಎರಡು ಕಿಲೋ ಹೆಚ್ಚಾಗಿತ್ತು.

೪. ಘಾಟ್ಕೋಪರ್

ಓಟದ ಭಾನುವಾರ ಬೆಳಿಗ್ಗೆ ಗೆರೆಯ ಹಿಂದೆ ಮೈಗೆ ಮೈ ತಾಗುವ ಜನ. ಮಗಳು ಓಟ ಮುಗಿಯುವ ಕಡೆ ಹೋಗಿ ನಿಂತಿದ್ದಳು. ನನ್ನ ಮುಂದೆ ಒಬ್ಬರ ಬೆನ್ನು, ಹಿಂದಿನಿಂದ ನೂಕು. ಲೋಕಲ್‌ನ ಬಾಗಿಲಲ್ಲಿ ಮುಂದಿನವರು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾರೆಂದು ಕೇಳಿಯೇ ನಿಲ್ಲುವುದು ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಮುಂದಿನವರ ಭುಜ ತಟ್ಟಿತು.

“ಇಳಿಯೋದಿದೆಯಾ?”

ಅವರು ತಿರುಗದೆಯೇ “ಘಾಟ್ಕೋಪರ್” ಎಂದರು.

ಓಟ ಶುರುವಾಗುವವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲ ತಿರುವಿನಲ್ಲಿ ಹನ್ನೊಂದು ಜನ ಡಿವೈಡರ್ ದಾಟಿ ಅಡ್ಡದಾರಿ ಹಿಡಿದರು. “ವಾಪಸ್!” ಎಂದು ಕೂಗಿದೆ. ತರಗತಿಯ ದನಿ. ಹನ್ನೊಂದೂ ಜನ ತಲೆ ತಗ್ಗಿಸಿ ಹಿಂದೆ ಬಂದರು, “ಸಾರಿ ಸರ್” ಎಂದರು, ಸರಿಯಾದ ದಾರಿಯಲ್ಲಿ ಓಡಿ ಹೋದರು. ನಾನು ನಿಂತು ಎಣಿಸಿ ಖಾತ್ರಿ ಮಾಡಿಕೊಂಡೆ. ಎಣಿಸಿ ಮುಗಿದಾಗ ನನ್ನ ಹಿಂದೆ ಒಬ್ಬರೂ ಉಳಿದಿರಲಿಲ್ಲ.

೫. ಪೇಷಂಟ್

ಒಬ್ಬರೂ ಇರಲಿಲ್ಲ ಎಂದದ್ದು ತಪ್ಪು. ಒಂದು ಆಂಬುಲೆನ್ಸ್ ಇತ್ತು. ಕೊನೆಯವನ ಬೆನ್ನ ಹಿಂದೆ ಬರುವುದೇ ಅದರ ಕೆಲಸ. ನಾನು ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸುತ್ತ ಓಡುತ್ತಿದ್ದೆ. ಅದು ಪಕ್ಕಕ್ಕೆ ಬಂದಾಗ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

“ಅಯ್ಯ, ಕನ್ನಡದಾಗ ಎಣಸಾಕತ್ತೀರಿ! ನಮ್ಮದು ವಿಜಯಪುರ್ರಿ. ಹತ್ರಿ ಸರ ಒಳಗ, ಗೆರಿ ಹತ್ರ ಇಳಸ್ತೀನಿ. ಯಾರಿಗೂ ಹೇಳಂಗಿಲ್ಲ.”

“ಬೇಡ.”

“ಎಸಿ ಅದ ಸರ.”

“ಬೇಡಪ್ಪ.”

“ಮಲಕ್ಕೊಂಡ ಬರಬೌದು.”

ಆ ವರ್ಷ ಅಂಥ ಗಾಡಿಯಲ್ಲಿ ನಾನು ಒಮ್ಮೆ ಕೂತಾಗಿತ್ತು, ಮಲಗಿದ್ದವಳ ಕೈ ಹಿಡಿದುಕೊಂಡು. ಮತ್ತೆ ಹತ್ತುವವನಿರಲಿಲ್ಲ. “ಹತ್ತಿದರೆ ನಾಳೆಯಿಂದ ಶಾಲೆ ತಪ್ಪುತ್ತದೆ” ಎಂದಷ್ಟೇ ಹೇಳಿದೆ.

“ಸಾಲಿ? ಮಾಸ್ತರ್ ಏನ್ರಿ ನೀವು?” ಅವನ ದನಿಯೇ ಬದಲಾಯಿತು. “ನಮ್ಮ ತಂಗಿ ಮಗಳನ್ನ ಕನ್ನಡ ಸಾಲಿಗೆ ಹಾಕಬೇಕ್ರಿ. ಲೀವಿಂಗ್ ಸರ್ಟಿಫಿಕೇಟ್ ಬಂದಿಲ್ಲ. ನಡೀತದೇನ್ರಿ?”

ನಾನು ಓಡುತ್ತಲೇ ಬೇಕಾದ ಕಾಗದಗಳನ್ನು ಹೇಳಿದೆ. ಅವನು ತಂಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

“ಜನ್ಮ ದಾಖಲೆ...” ಎಂದೆ. “ಆಧಾರ್... ಎರಡು... ಫೋಟೋ...”

“ಅಣ್ಣಾ, ಮಾಸ್ತರ್ ಯಾಕ ಹಿಂಗ ತೇಕಾಕತ್ತಾರ?” ಎಂದಳು ತಂಗಿ.

“ಅವರು ಓಡಾಕತ್ತಾರ. ನಾ ಗಾಡಿ ತಗೊಂಡು ಬೆನ್ನ ಹತ್ತೀನಿ.”

“ಅಯ್ಯ ಶಿವನ! ಏನ್ ತಪ್ಪ ಮಾಡ್ಯಾರ ಪಾಪ?”

ಮುನ್ನೂರು ಮೀಟರ್ ಉಳಿದಾಗ ಗಡಿಯಾರ ನೋಡಿದೆ. ನಲವತ್ತೇಳು ನಿಮಿಷ. ಮುಂದೆ ರಸ್ತೆಯೇ ಕಾಣುತ್ತಿರಲಿಲ್ಲ. ಓಡಿ ಮುಗಿಸಿದವರು ಮೆಡಲ್ ಕಚ್ಚಿಕೊಂಡು ದಾರಿಯ ತುಂಬ ಸೆಲ್ಫಿ ತೆಗೆಯುತ್ತಿದ್ದರು. ದಾರಿ ಬಿಡಿ ಎಂದೆ. ಯಾರಿಗೂ ಕೇಳಿಸಲಿಲ್ಲ.

“ನೀವು ಓಡ್ರಿ ಸರ, ದಾರಿ ನಾ ಬಿಡಸ್ತೀನಿ” ಎಂದ ಡ್ರೈವರ್, ಸೈರನ್ ಹಾಕಿದ.

ಜನ ಎರಡು ಭಾಗವಾಗಿ ಸರಿದರು. ನಡುವೆ ನಾನು, ನನ್ನ ಹಿಂದೆ ಕಿರುಚುವ ಆಂಬುಲೆನ್ಸ್. ಗೆರೆಯ ಬಳಿ ಡಾಕ್ಟರು, ಸ್ಟ್ರೆಚರ್ ಹಿಡಿದ ಇಬ್ಬರು, ಬಾಯಿಗೆ ಕೈ ಇಟ್ಟುಕೊಂಡ ನನ್ನ ಮಗಳು. ನಾನು ಗೆರೆ ದಾಟಿದೆ. ಅವರೆಲ್ಲ ನನ್ನನ್ನು ಬದಿಗೆ ತಳ್ಳಿ ಆಂಬುಲೆನ್ಸಿನತ್ತ ಓಡಿದರು, ಮಗಳೂ ಕೂಡ. ಬಾಗಿಲು ತೆಗೆದರು. ಒಳಗೆ ಯಾರೂ ಇಲ್ಲ.

“ಪೇಷಂಟ್ ಎಲ್ಲಿ?” ಎಂದು ಡಾಕ್ಟರು ಕೂಗಿದರು.

ಡ್ರೈವರ್ ಸ್ಟಿಯರಿಂಗ್ ಬಿಡದೆ ನನ್ನತ್ತ ಬೆರಳು ತೋರಿಸಿದ. “ಅಲ್ಲಿ ನೋಡ್ರಿ. ಗಾಡಿಗಿಂತ ಮೊದಲೇ ಬಂದಾರ.”

ಮರುದಿನ, ಸೋಮವಾರ, ಏಳನೇ ತರಗತಿಯಲ್ಲಿ ಎಂದಿನಂತೆ ಹಾಜರಿ ಕರೆದೆ. ಇಬ್ಬರು ಗೈರುಹಾಜರಾಗಿದ್ದರು.